ಸ್ಪಷ್ಟನೆ: ಎಂಬಿಪಿಎಸ್ ಹೆಚ್ಚಿದರೆ ವಿಳಂಬ ತಗ್ಗುವುದೇ?

ಹೆಚ್ಚು ಎಂಬಿಪಿಎಸ್‌ನ (ಸೆಕೆಂಡಿಗೆ ಮೆಗಾಬಿಟ್) ಇಂಟರ್‌ನೆಟ್ ಸಂಪರ್ಕ ಪಡೆದರೆ ವಿಡಿಯೊ ಕರೆಯಲ್ಲಿ ಮಾತು ತಡವಾಗಿ ತಲುಪುವ ತೊಂದರೆ ತಾನಾಗಿಯೇ ನಿವಾರಣೆಯಾಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಪೂರ್ತಿ ಸರಿಯಲ್ಲ. ಎಂಬಿಪಿಎಸ್ ಸೂಚಿಸುವುದು ಒಂದು ಸೆಕೆಂಡಿನಲ್ಲಿ ಎಷ್ಟು ದತ್ತಾಂಶ ಸಾಗಬಲ್ಲದು ಎಂಬುದನ್ನೇ ಹೊರತು, ಒಂದು ಪ್ಯಾಕೆಟ್ (ದತ್ತಾಂಶದ ಪುಟ್ಟ ತುಣುಕು) ಗುರಿ ಮುಟ್ಟಲು ಹಿಡಿಯುವ ಸಮಯವನ್ನಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ, 10,000 ಕಿ.ಮೀ. ದೂರದ ಸರ್ವರ್‌ಗೆ ಹೋಗಿಬರಲು, ಸಂಪರ್ಕ 50 ಎಂಬಿಪಿಎಸ್‌ನದಾಗಿರಲಿ 1,000 ಎಂಬಿಪಿಎಸ್‌ನದಾಗಿರಲಿ, ಸುಮಾರು 100 ಮಿಲಿಸೆಕೆಂಡ್ ಬೇಕೇಬೇಕು. ದಾರಿಯಲ್ಲಿ ಪ್ಯಾಕೆಟ್‌ಗಳನ್ನು ಮುಂದಕ್ಕೆ ಕಳುಹಿಸುವ ರೂಟರ್‌ಗಳಲ್ಲಿ ಸರದಿಗಾಗಿ ಕಾಯುವ ಹೊತ್ತು ಇದರ ಮೇಲೆ ಸೇರುತ್ತದೆ. ಹೆಚ್ಚಿನ ಸಾಮರ್ಥ್ಯ ನಿಜಕ್ಕೂ ನೆರವಾಗುವುದು, ನಿಮ್ಮ ಸಂಪರ್ಕವೇ ಡೌನ್‌ಲೋಡ್‌ಗಳಿಂದ ತುಂಬಿಹೋಗಿ ಪ್ಯಾಕೆಟ್‌ಗಳು ಸಾಲುಗಟ್ಟಿದಾಗ. ಆದ್ದರಿಂದ ಹಣ ತೆರುವ ಮೊದಲು, ಸಂಪರ್ಕ ಬಿಡುವಾಗಿರುವಾಗ ಒಮ್ಮೆ, ತುಂಬಿರುವಾಗ ಒಮ್ಮೆ ಪಿಂಗ್ ಮಾಡಿ (ಅಂದರೆ ಪುಟ್ಟ ಸಂದೇಶವೊಂದು ಸರ್ವರ್‌ಗೆ ಹೋಗಿಬರಲು ಹಿಡಿಯುವ ಸಮಯ ಅಳೆದು), ಎರಡೂ ಅಳತೆಗಳನ್ನು ಹೋಲಿಸಿ ನೋಡಬೇಕೆಂದು ಕೋರುತ್ತೇನೆ.