ಟಾಟಾ ಸ್ಮಾರಕ ಆಸ್ಪತ್ರೆ ಕುರಿತು ಒಂದು ಸ್ಪಷ್ಟನೆ

ಮುಂಬೈನ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯನ್ನು ಟಾಟಾ ಕಂಪನಿಯೇ ಇಂದಿಗೂ ನಡೆಸುತ್ತಿದೆ, ಅಲ್ಲಿ ಕ್ಯಾನ್ಸರ್ ಚಿಕಿತ್ಸೆ ಎಲ್ಲರಿಗೂ ಸಂಪೂರ್ಣ ಉಚಿತ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ.

ಆಸ್ಪತ್ರೆಯನ್ನು ಕಟ್ಟಿಸಿದ್ದು ಕಂಪನಿಯಲ್ಲ, ಟಾಟಾ ಸಮೂಹದ ಸಂಸ್ಥಾಪಕ ಜಮ್ಷೆಡ್‌ಜಿಯವರ ಮಗನ ಹೆಸರಿನ ಸರ್ ದೊರಾಬ್ಜಿ ಟಾಟಾ ಟ್ರಸ್ಟ್. ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಮರುವರ್ಷ, ತಮ್ಮ ಸಾವಿಗೆ ಕೆಲವೇ ತಿಂಗಳ ಮೊದಲು, ದೊರಾಬ್ಜಿಯವರು ತಮ್ಮ ಸಂಪತ್ತನ್ನು ಈ ಟ್ರಸ್ಟ್‌ಗೆ ಒಪ್ಪಿಸಿದರು. (ಮೆಹರ್‌ಬಾಯಿಯವರ ತಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರು ಎಂಬುದನ್ನು ನಾವು ಕನ್ನಡಿಗರು ನೆನೆಯಬೇಕು.) ಸಮಾಜಕಾರ್ಯ ಶಿಕ್ಷಣಕ್ಕಾಗಿ 1936ರಲ್ಲಿ ಮುಂಬೈಯಲ್ಲೇ ಶಾಲೆಯೊಂದನ್ನು ತೆರೆದ ಅದೇ ಟ್ರಸ್ಟ್, 1941ರಲ್ಲಿ ಆಸ್ಪತ್ರೆಯನ್ನೂ ಆರಂಭಿಸಿತು.

ಆದರೆ 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಸ್ಪತ್ರೆಯನ್ನು ವಹಿಸಿಕೊಂಡಿತು. ವಿಕಿರಣ ಚಿಕಿತ್ಸೆಯ ಮಹತ್ವವನ್ನು ಮುಂಗಂಡಿದ್ದ ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರ ಕಾಲದಲ್ಲಿ, 1962ರಲ್ಲಿ, ಅದರ ಆಡಳಿತ ಪರಮಾಣು ಶಕ್ತಿ ಇಲಾಖೆಗೆ ಬಂತು. ಅಂದಿನಿಂದ ಅದು ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ ಸಂಸ್ಥೆ. ಹೀಗೆಂದಾಕ್ಷಣ ದಾನಿಗಳ ಹಿರಿಮೆ ಕುಗ್ಗುವುದಿಲ್ಲ. ಕಟ್ಟಿದ್ದನ್ನು ಸಾರ್ವಜನಿಕರ ಕೈಗೊಪ್ಪಿಸುವುದು ದಾನದ ಇನ್ನೂ ದೊಡ್ಡ ರೂಪವೆಂದೇ ನಾನು ಭಾವಿಸುತ್ತೇನೆ.

ಇನ್ನು ಶುಲ್ಕದ ವಿಷಯ. ನೋಂದಣಿಯ ಹೊತ್ತಿನಲ್ಲೇ ರೋಗಿಯನ್ನು ಜನರಲ್ ಅಥವಾ ಪ್ರೈವೇಟ್ ವರ್ಗಕ್ಕೆ ಸೇರಿಸಲಾಗುತ್ತದೆ. ಜನರಲ್ ವರ್ಗದವರಿಗೆ ದೊಡ್ಡ ರಿಯಾಯಿತಿ ಇದೆ; ಪ್ರೈವೇಟ್ ವರ್ಗದವರು ಹಣ ಕಟ್ಟಬೇಕು. ಉಚಿತವೆಂದು ನಂಬಿ ಬರಿಗೈಯಲ್ಲಿ ರೈಲು ಹತ್ತುವ ಕುಟುಂಬಗಳು ಇದನ್ನು ಮೊದಲೇ ತಿಳಿದಿರಬೇಕು. ಹಣದ ಅಡಚಣೆ ಇರುವವರು ಆಸ್ಪತ್ರೆಯ ವೈದ್ಯಕೀಯ ಸಮಾಜಕಾರ್ಯ ವಿಭಾಗವನ್ನು ನೇರವಾಗಿ ಕಂಡು ನೆರವು ಕೇಳಬಹುದು.