~$ ಫೈಲ್ ಅಳಿಸುವ ಮುಂಚೆ ಒಂದು ಮಾತು

ಕ್ಲೌಡ್ ಫೋಲ್ಡರಿನಲ್ಲಿ ~$ ಅಂತ ಶುರುವಾಗುವ ಫೈಲ್ ಕಂಡರೆ ಅದು ಕಸ, ಅಳಿಸಿಬಿಡಿ ಅಂತ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಎಕ್ಸೆಲ್‌ನಲ್ಲಿ ಫೈಲ್ ತೆರೆದ ಕೂಡಲೇ ಅದು ಹುಟ್ಟುತ್ತದೆ. ಯಾರು ತೆರೆದಿದ್ದಾರೆ ಅನ್ನುವ ಹೆಸರು ಅದರಲ್ಲಿರುತ್ತದೆ. ಮುಚ್ಚಿದರೆ ತಾನೇ ಹೋಗುತ್ತದೆ. ಎಲ್ಲರೂ ಮುಚ್ಚಿದ ಮೇಲೂ ಉಳಿದಿದ್ದರೆ ಆಗ ಅಳಿಸಿ.

ನಿಜವಾದ ತಲೆನೋವು ಸೇವ್ ಮಾಡುವಾಗ. ಎಕ್ಸೆಲ್ ಹಳೆ ಫೈಲಿನ ಮೇಲೇ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆ ಹೆಸರು ಇಡುತ್ತದೆ. ಅಷ್ಟರಲ್ಲಿ ಸಿಂಕ್ ತಂತ್ರಾಂಶ (ಒಂದೇ ಫೋಲ್ಡರನ್ನು ಹಲವು ಕಂಪ್ಯೂಟರುಗಳಲ್ಲಿ ಒಂದೇ ಥರ ಇಡುವಂಥದ್ದು) ಮೂಗು ತೂರಿಸಿ ಆ ಫೈಲ್ ಹಿಡಿದುಕೊಂಡರೆ ಸೇವ್ ಕೆಟ್ಟಿತು ಅಂತಲೇ ಲೆಕ್ಕ. ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ .xlsx ಥರದ್ದು) ಇಲ್ಲದ, ಅರ್ಥವಾಗದ ಹೆಸರಿನ ಫೈಲುಗಳು ಉಳಿಯುವುದು ಹೀಗೆ.

ನಾನು ಕೋಲಾರದಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವವನು. ಸೀಸನ್ನಿನಲ್ಲಿ ಹರಾಜು ಮುಗಿಯುವಷ್ಟರಲ್ಲಿ 15 ಕೆಜಿ ಬಾಕ್ಸುಗಳ ಲೆಕ್ಕ ನೂರಾರು ಸಾಲು. ಮಂಡಿಯಲ್ಲೊಂದು ಲ್ಯಾಪ್‌ಟಾಪ್, ಮನೆಯಲ್ಲೊಂದು ಕಂಪ್ಯೂಟರ್, ಮಧ್ಯೆ ಸಿಂಕ್. ಒಂದು ದಿನ ಎರಡೂ ಕಡೆ ಫೈಲ್ ತೆರೆದೇ ಇತ್ತು. ಸಂಜೆ ನೋಡಿದರೆ ಒಂದೇ ಲೆಕ್ಕಕ್ಕೆ ಎರಡು ಪ್ರತಿ! ಯಾವುದು ಸರಿ? ಚೀಟಿಗಳ ನಕಲು ಹಿಡಿದು ರಾತ್ರಿ 11ರವರೆಗೆ ತಾಳೆ ನೋಡಿದೆವು. ಬಹಳಷ್ಟು ಸಿಂಕ್ ತಂತ್ರಾಂಶಗಳು ಆ ~$ ಫೈಲನ್ನು ಬೇಕೆಂದೇ ಕಳಿಸುವುದಿಲ್ಲ. ಹಾಗಾಗಿ ಇನ್ನೊಂದು ಕಡೆಗೆ ‘ಬೇರೆಯವರು ತೆರೆದಿದ್ದಾರೆ’ ಅನ್ನುವ ಸುಳಿವೇ ಸಿಗುವುದಿಲ್ಲ, ಅಲ್ವಾ?

ಈಗ ಸಿಂಕ್ ಆಗದ ಫೋಲ್ಡರಿನಲ್ಲಿ ಬರೆದು, ಮುಚ್ಚಿದ ಮೇಲೆ ಸಿಂಕ್ ಫೋಲ್ಡರಿಗೆ ನಕಲು ಹಾಕುತ್ತೇನೆ. ಹಳೇ ಕಾಲದ ಪದ್ಧತಿ ಅಂತ ಮಗಳು ನಗುತ್ತಾಳೆ, ನಗಲಿ. ಸಿಂಕ್‌ಥಿಂಗ್ ಎಂಬ ಸಿಂಕ್ ತಂತ್ರಾಂಶ ಬಳಸುವವರು ಅದರ ಇಗ್ನೋರ್ ಪಟ್ಟಿಗೆ, ಅಂದರೆ ಕಳಿಸಬಾರದ ಫೈಲುಗಳ ಪಟ್ಟಿಗೆ, ~$* (~$ ಅಂತ ಶುರುವಾಗುವ ಎಲ್ಲ ಫೈಲು) ಸೇರಿಸಬಹುದು. ಆದರೆ ಆ ಪಟ್ಟಿ ಸಿಂಕ್ ಆಗುವುದಿಲ್ಲ, ಪ್ರತಿ ಕಂಪ್ಯೂಟರಿನಲ್ಲೂ ಬೇರೆಯಾಗಿ ಬರೆಯಬೇಕು.