ಹೊಟ್ಟೆ ಕ್ಯಾನ್ಸರ್: ಕೀಮೋ ಶುರುವಾಗುವ ಮೊದಲೇ ಎಂಎಂಆರ್ ಟೆಸ್ಟ್ ಕೇಳಿ

"ಕ್ಯಾನ್ಸರ್ ಅಂತ ಗೊತ್ತಾತಲ್ರಿ ಮೇಡಂ, ಮತ್ತೆ ಇನ್ನೊಂದು ಟೆಸ್ಟ್ ಯಾಕ್ರಿ?"

ದಾವಣಗೆರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಸಾಲ ಮಾಡಿಕೊಂಡು ಬಂದವರು ಹಾಗೆ ಕೇಳಿದರೆ ತಪ್ಪೇನಿಲ್ಲ. ಆದರೂ ಹೊಟ್ಟೆ (ಜಠರ) ಕ್ಯಾನ್ಸರ್ ಇದ್ದವರು ಎಂಎಂಆರ್ ಟೆಸ್ಟ್ (ಮಿಸ್‌ಮ್ಯಾಚ್ ರಿಪೇರಿ, ಅಂದರೆ ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಗಡ್ಡೆಯಲ್ಲಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆ) ಬಿಡಬಾರದು ಅನ್ನುವುದು ನನ್ನ ಹಠ.

ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ತಪ್ಪು ನುಸುಳುತ್ತದೆ. ಅದನ್ನು ಹುಡುಕಿ ತಿದ್ದುವ ಪ್ರೋಟೀನ್‌ಗಳಲ್ಲಿ ನಾವು ಪರೀಕ್ಷಿಸುವುದು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಈ ರಿಪೇರಿಯ ಬಗೆಯನ್ನು ಬಿಡಿಸಿಟ್ಟ ಪಾಲ್ ಮಾಡ್ರಿಚ್‌ಗೆ 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕೆಲವರ ಗಡ್ಡೆಯಲ್ಲಿ ಈ ರಿಪೇರಿಯೇ ಕೆಟ್ಟಿರುತ್ತದೆ.

ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಕೂಡಿಸಿಟ್ಟ ಮೇಣದ ಬ್ಲಾಕಿನಿಂದ ತೆಳ್ಳಗೆ ಕೊಯ್ದು, ಬಣ್ಣ ಹಿಡಿಸಿ ಮೈಕ್ರೋಸ್ಕೋಪಿನಡಿ ಇಟ್ಟರೆ ಪ್ರೋಟೀನ್ ಇರುವ ನ್ಯೂಕ್ಲಿಯಸ್ ಕಂದು, ಇಲ್ಲದ್ದು ನೀಲಿ. ಗಡ್ಡೆಯ ಕೋಶಗಳೆಲ್ಲ ನೀಲಿಯಾಗಿದ್ದು, ನಡುವೆ ಸಿಕ್ಕಿಕೊಂಡ, ರೋಗ ಎದುರಿಸುವ ಆರೋಗ್ಯವಂತ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಮಾತ್ರ ಕಂದಾಗಿದ್ದರೆ ರಿಪೇರಿ ಇಲ್ಲವೆಂದೇ ಲೆಕ್ಕ. ಲಿಂಫೋಸೈಟೂ ನೀಲಿಯಾದರೆ ಬಣ್ಣವೇ ಹಿಡಿದಿಲ್ಲ, ಮತ್ತೆ ಮಾಡಬೇಕು.

ಇದಕ್ಕೂ ಕೀಮೋಗೂ ಏನು ಸಂಬಂಧ? 5-ಎಫ್‌ಯು ಥರದ ಕೀಮೋ ಔಷಧಿ ಡಿಎನ್‌ಎ ಕೆಡಿಸಿದಾಗ ಅದನ್ನು ಗುರುತಿಸಿ "ಈ ಕೋಶ ಸಾಯಲಿ" ಎಂದು ಸೂಚನೆ ಕೊಡುವುದರಲ್ಲಿ ಈ ಪ್ರೋಟೀನ್‌ಗಳ ಕೈಯೂ ಇದೆ. ಅವು ಇಲ್ಲದಿದ್ದರೆ ಕೋಶ ಪೆಟ್ಟು ತಿಂದೂ ಬದುಕುತ್ತದೆ. ನಾಲ್ಕು ದೊಡ್ಡ ಪ್ರಯೋಗಗಳ 1,556 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ ಇಂಥ ಗಡ್ಡೆ ಇದ್ದವರು 121 ಜನ. ಅವರಲ್ಲಿ ಆಪರೇಷನ್ ಮಾತ್ರ ಆದವರ ಪೈಕಿ ಐದು ವರ್ಷ ಬದುಕಿದವರು ಶೇ. 83, ಕೀಮೋನೂ ಪಡೆದವರಲ್ಲಿ ಶೇ. 75. ಉಳಿದವರಲ್ಲಿ ಲೆಕ್ಕ ತಿರುಗಾಮುರುಗಾ: ಆಪರೇಷನ್ ಮಾತ್ರವಾದರೆ 53, ಕೀಮೋ ಸೇರಿದರೆ 62. 121 ಸಣ್ಣ ಸಂಖ್ಯೆ, ಹಾಗಾಗಿ ಇದನ್ನೋದಿ ಯಾರೂ ತಾವಾಗಿಯೇ ಕೀಮೋ ನಿಲ್ಲಿಸಬೇಡಿ. ಬಹುತೇಕರಿಗೆ ಕೀಮೋ ಬೇಕೇ ಬೇಕು.

ರಿಪೇರಿ ಕೆಟ್ಟ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುವುದರಿಂದ ನಮ್ಮ ರೋಗನಿರೋಧಕ ಕೋಶಗಳಿಗೆ ಅದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಆ ರೋಗನಿರೋಧಕ ಕೋಶಗಳನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಇಮ್ಯುನೋಥೆರಪಿ, ಇವರಿಗೆ ಚೆನ್ನಾಗಿ ಹಿಡಿಯುತ್ತದೆ. ಇಂಥ ಮುಂದುವರಿದ ಗಡ್ಡೆಗಳಿಗೆ, ಅಂಗ ಯಾವುದೇ ಇರಲಿ, ಇಮ್ಯುನೋಥೆರಪಿ ಔಷಧಿ ಪೆಂಬ್ರೋಲಿಜುಮಾಬ್‌ಗೆ ಅಮೆರಿಕ 2017ರಲ್ಲೇ ಒಪ್ಪಿಗೆ ಕೊಟ್ಟಿತು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆ ಮಾತು ಬೇರೆಯೇ ಬರೆಯಬೇಕು.

ನನಗೆ ಸಂಕಟವಾಗುವುದು, ಕೀಮೋ ಎಲ್ಲ ಮುಗಿದ ಮೇಲೆ ಈ ಟೆಸ್ಟ್‌ಗೆ ಬ್ಲಾಕ್ ಬಂದಾಗ. ಮತ್ತೊಮ್ಮೆ ಎಂಡೋಸ್ಕೋಪಿ ಬೇಕಿಲ್ಲ, ಸಾಮಾನ್ಯವಾಗಿ ಇರುವ ಬ್ಲಾಕೇ ಸಾಕು. ಇಲ್ಲಿ ಆಗದಿದ್ದರೆ ಬೆಂಗಳೂರಿಗೆ ಕಳಿಸಬಹುದು. ಮೊದಲ ಕೀಮೋಗೆ ಮುಂಚೆ ಡಾಕ್ಟರ್ ಹತ್ತಿರ ಕೇಳಿ: "ಸರ್, ಎಂಎಂಆರ್ ನೋಡಿದ್ದೀರಾ?"